ಉಗುರಿಗೆ ತೆರೆಯುವ ಚಾಕು

ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಮಡಚುವ ಚಾಕು ಮಾಡುವವನಿಗೆ ಕಿರ್ರಣ್ಣ ಎಂದು ಹೆಸರಿಟ್ಟವಳು ನಾನೇ. ಬೆಳಗಾದರೆ ಸಾಕು, ಅವನ ಸಾಣೆಕಲ್ಲು ಕಿರ್ರೆನ್ನುತ್ತಿತ್ತು. ನಾನು ಬಟ್ಟೆ ಹೊಲಿಯುವವಳು. ಸೂಜಿಗೆ ದಾರ ಪೋಣಿಸುವಾಗ ಆ ಸದ್ದಿಗೆ ಹಲ್ಲು ಜುಮ್ಮೆಂದರೆ ಕಿಟಕಿಯಿಂದ ಬಗ್ಗಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವನು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಹಿಂದಿನ ಕೋಣೆಯಿಂದ ಅವನ ಹೆಂಡತಿಯೇ, "ಇನ್ನೂ ಜೋರಾಗಿ ಬೈರಿ ಅಕ್ಕ, ನಾನು ಬೈದ್ರೆ ಇವರಿಗೆ ಕೇಳ್ಸೋದೇ ಇಲ್ಲ" ಎಂದು ನಗುತ್ತಿದ್ದಳು.

ಅಲಗು, ಮರದ ಹಿಡಿ, ಅದರೊಳಗಿನ ಸ್ಪ್ರಿಂಗು, ಎಲ್ಲವೂ ಅವನ ಕೈಯಲ್ಲೇ ಆಗಬೇಕು. ಆದರೆ ಕೊನೆಯ ಪರೀಕ್ಷೆ ಮಾತ್ರ ಅವನಿಂದ ಆಗುತ್ತಿರಲಿಲ್ಲ. ಸುತ್ತಿಗೆ ಹಿಡಿದು ಹಿಡಿದು ಹೆಬ್ಬೆರಳು ಕೊರಡಾಗಿತ್ತು. ಎಂಥ ಬಿಗಿ ಕೀಲಾದರೂ ಅವನಿಗೆ ಸಡಿಲವೇ. ಹಾಗಾಗಿ ಮುಗಿದ ಚಾಕುವನ್ನು ಒಳಗೆ ಒಯ್ದು ಹೆಂಡತಿಗೆ ಕೊಡುತ್ತಿದ್ದ. ಅವಳು ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದು "ಸರಿಹೋಯ್ತು" ಎಂದರೆ ಚಾಕು ಮಾರಾಟಕ್ಕೆ. "ಬಿಗಿ ಇದೆ, ಇನ್ನೊಂದ್ಸಲ ತನ್ನಿ" ಎಂದರೆ ಮತ್ತೆ ಎಣ್ಣೆ, ಮತ್ತೆ ಮಡಚುವುದು, ಬಿಡಿಸುವುದು. ನನಗೆ ಮೇಲಿನಿಂದಲೇ ಎಲ್ಲ ಕೇಳಿಸುತ್ತಿತ್ತು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಸಾಣೆಕಲ್ಲೂ ನಿಂತಿತು. ಅವನು ಬೀಗ, ಕೊಡೆ ಅಂತ ಸದ್ದಿಲ್ಲದ ರಿಪೇರಿಗಳನ್ನು ಮಾಡಿಕೊಂಡು ಕೂತ. ಸದ್ಯ, ಕಿವಿಗೆ ನೆಮ್ಮದಿ ಎಂದುಕೊಂಡೆ. ಎಲ್ಲಿಯ ನೆಮ್ಮದಿ! ನನ್ನ ಮನೆಯಲ್ಲೂ ಮಾತಾಡುವವರಿಲ್ಲ. ಬೈಯುವುದಕ್ಕಾದರೂ ಒಬ್ಬನಿದ್ದ. ಮಧ್ಯಾಹ್ನಗಳು ಬಿಕೋ ಎನ್ನತೊಡಗಿದವು.

ಮೊನ್ನೆ ಅವನೇ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಚಾಕು.

"ಟೈಲರಮ್ಮ, ಒಂದು ಉಪಕಾರ ಆಗ್ಬೇಕಿತ್ತು. ಇದನ್ನ ಉಗುರಲ್ಲಿ ತೆಗೆದು ನೋಡ್ತೀರಾ?"

"ಇಷ್ಟು ವರ್ಷ ಬೈಸ್ಕೊಂಡಿದ್ದು ಸಾಲ್ದು ಅಂತ ಈಗ ನನ್ನ ಉಗುರೂ ಬೇಕಾಯ್ತಾ?" ಎಂದೆ. ಅವನು ನಗಲಿಲ್ಲ.

"ಅವಳು ಕೊನೇಲಿ ನೋಡಿದ್ದು ಇದನ್ನೇ. ಬಿಗಿ ಇದೆ, ಇನ್ನೊಂದ್ಸಲ ತನ್ನಿ ಅಂದ್ಲು. ಅಷ್ಟರಲ್ಲಿ ಅಂಗಡೀಗೆ ಯಾರೋ ಬಂದ್ರು, ಅಲ್ಲೇ ಕೂತ್ಬಿಟ್ಟೆ. ಒಳಗೆ ಹೋಗೋ ಹೊತ್ತಿಗೆ..." ಬಟ್ಟೆ ಬಿಚ್ಚಿ ಚಾಕುವನ್ನು ನನ್ನ ಕೈಗಿಟ್ಟ. "ಇದು ಮುಗೀದೆ ಇನ್ನೊಂದಕ್ಕೆ ಕೈ ಹಾಕೋಕೇ ಆಗ್ತಿಲ್ಲ. ಎಷ್ಟು ಬಿಗಿ ಅಂತ ನೀವು ಹೇಳಿದ್ರೆ ಅಷ್ಟು ಸಡಿಲ ಮಾಡ್ತೀನಿ."

ಗೀರಿಗೆ ಉಗುರು ಸಿಕ್ಕಿಸಿದೆ. ಅಲಗು ಸಲೀಸಾಗಿ ಬಂದು ಟಕ್ಕೆಂದು ನಿಂತಿತು.

"ಎಲ್ಲಿ ಬಿಗಿ? ಆಗ್ಲೇ ಸರಿ ಮಾಡಿದ್ದೀರಲ್ಲ!"

"ನಾನು ಮುಟ್ಟೇ ಇಲ್ಲ" ಎಂದ. "ಅವಳ ಕೈಯಿಂದ ತಗೊಂಡು ಹೇಗಿಟ್ನೋ ಹಾಗೇ ಇದೆ."

ನನ್ನ ಬಾಯಿಗಿಷ್ಟು ಮಣ್ಣು ಹಾಕ! ಹೇಳಿಬಿಟ್ಟ ಮೇಲೆ ಹೊಳೆಯಿತು. "ಕಾಯಿಲೆಯವರ ಕೈಯಲ್ಲಿ ಬಲ ಎಲ್ಲಿರುತ್ತೆ, ಅದಕ್ಕೇ ಬಿಗಿ ಅನ್ಸಿರುತ್ತೆ ಬಿಡಿ" ಎಂದು ತೇಪೆ ಹಾಕಲು ನೋಡಿದೆ.

ಅವನು ಚಾಕುವನ್ನೇ ನೋಡುತ್ತಿದ್ದ. "ಬಿಗಿ ಇದ್ದಿದ್ರೆ ಅವಳ ಕೈಲಿ ತೆಗೆಯೋಕೇ ಆಗ್ತಿರ್ಲಿಲ್ಲ. ತೆಗೆದು, ಮಡಚಿ, ಕೈಗೆ ಕೊಟ್ಲು. ಗಟ್ಟಿಮುಟ್ಟಾಗಿದ್ದಾಗ್ಲೂ ಎಷ್ಟೋ ಸಲ ಹೀಗೇ ಅಂತಿದ್ಲು. ನಾನೊಬ್ಬ ಪೆದ್ದ, ಎಣ್ಣೆ ಬಿಟ್ಕೊಂಡು ಕೂತಿರ್ತಿದ್ದೆ." ನನ್ನ ಕೈಯಿಂದ ಚಾಕು ತೆಗೆದುಕೊಂಡು ಮಡಚಿ, "ಇನ್ನೊಂದ್ಸಲ ಒಳಗೆ ಬರ್ಲಿ ಅಂತ ಅಂದಿದ್ಲು, ಟೈಲರಮ್ಮ. ನಾನು ಹೋಗ್ಲಿಲ್ಲ" ಎಂದ.

ಬಾಯಿಬಡುಕಿ ಎಂದು ಬೀದಿಗೆಲ್ಲ ಹೆಸರಾದ ನನಗೆ ಅಳು ಬಂತು, ಒಳಗೆ ಹೋಗಿ ಅತ್ತೆ. ತಿರುಗಿ ಬರುವಷ್ಟರಲ್ಲಿ ಅವನು ಕೆಳಗಿಳಿದು ಹೋಗಿದ್ದ. ಆ ಚಾಕು ಮಾರಾಟಕ್ಕೆ ಬರಲೇ ಇಲ್ಲ.

ಕೆಲವು ದಿನ ಕಳೆದ ಮೇಲೆ ಸಾಣೆಕಲ್ಲು ಮತ್ತೆ ಕಿರ್ರೆಂದಿತು. ಹಲ್ಲು ಜುಮ್ಮೆಂದಿತು, ನಾನು ಬೈಯಲಿಲ್ಲ. ಹೊಲಿಯುತ್ತಿದ್ದ ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಾ ಕೂತೆ. ಸಂಜೆಗೆ ಹೊಸ ಚಾಕು ಹಿಡಿದು ಅವನು ಬಾಗಿಲಲ್ಲಿ ನಿಂತಿದ್ದ.

ಉಗುರು ಸಿಕ್ಕಿಸಿದೆ. ಅಲಗು ಸಲೀಸಾಗಿ ಬಂತು. ಬಿಗಿ ಇದೆ, ಇನ್ನೊಂದ್ಸಲ ತನ್ನಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಅವಳ ಮಾತು.

"ಸರಿಹೋಯ್ತು" ಎಂದು ಚಾಕು ಕೊಟ್ಟು ಬಾಗಿಲು ಹಾಕಿಕೊಂಡೆ.