ಏರಿ ದಾಟಿಸುತ್ತಿದ್ದ ಅಕ್ಕಯಮ್ಮ

ಸಾರಕ್ಕಿ ಕೆರೆಯ ಹಿಂಬದಿಯಲ್ಲಿ ಆಗ ನಲವತ್ತು ಮನೆಗಳ ಒಂದು ಪಾಳ್ಯವಿತ್ತು. ಸರ್ಕಾರಿ ಸ್ಕೂಲು ಇದ್ದದ್ದು ಆಚೆ ದಡದಲ್ಲಿ. ನಡುವೆ ಉದ್ದನೆಯ ಏರಿ, ಏರಿ ಇಳಿದರೆ ಕಲ್ಲು ಒಡೆಯುವ ಬಂಡೆ. ಜಯನಗರದಲ್ಲಿ ಮನೆಗಳು ಏಳುತ್ತಿದ್ದ ಕಾಲ ಅದು. ಬಂಡೆಯ ಹತ್ತಿರ ಜಲ್ಲಿ ಲಾರಿಗಳು, ಎಲ್ಲೆಲ್ಲಿಂದಲೋ ಬಂದ ಕೂಲಿಯವರು. ಗಂಡುಹುಡುಗರು ಆ ದಾರಿಯಲ್ಲಿ ಓಡಿಕೊಂಡು ಹೋಗಿಬಿಡುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ.

ಹೆಡ್‌ಮಾಸ್ಟರ್ ಅನಂತಪದ್ಮನಾಭ ತ್ಯಾಗರಾಜನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು. ಮೇಲಿನವರಿಗೆ ಎರಡು ವರ್ಷ ಬರೆದು ಬರೆದು 1957ರಲ್ಲಿ ಒಂದು ಹುದ್ದೆ ಮಾಡಿಸಿಕೊಂಡರು. ಹೆಣ್ಣುಮಕ್ಕಳನ್ನು ಮನೆಯಿಂದ ಕರೆತಂದು, ಸಂಜೆ ಮನೆಗೆ ಮುಟ್ಟಿಸುವುದು ಆ ಕೆಲಸ. ಕಾಗದದಲ್ಲಿ ಅದರ ಹೆಸರು ‘ಸ್ಕೂಲ್ ಮದರ್’. ಪಾಳ್ಯದವರು ‘ಸ್ಕೂಲಮ್ಮ’ ಅಂದರು. ಆ ಕೆಲಸಕ್ಕೆ ಸೇರಿದವಳು ಅಕ್ಕಯಮ್ಮ.

ಅವಳ ಗಂಡ ಅದೇ ಬಂಡೆಯಲ್ಲಿ ಸಿಡಿಮದ್ದಿಗೆ ಸಿಕ್ಕಿ ಸತ್ತಿದ್ದ. ಮಕ್ಕಳಿರಲಿಲ್ಲ, ಓದು ಬರುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆಮನೆ ಮುಂದೆ ನಿಂತು ಕೂಗುತ್ತಿದ್ದಳು. ಮುಖ ತೊಳೆಯದವರಿಗೆ ಮುಖ ತೊಳೆಸಿ, ಜಡೆ ಹಾಕದವರನ್ನು ಅಲ್ಲೇ ಜಗಲಿ ಮೇಲೆ ಕೂರಿಸಿ ಜಡೆ ಹಾಕುತ್ತಿದ್ದಳು. ಏರಿಯ ಮೇಲೆ ಅವಳು ಹಿಂದೆ, ಹುಡುಗಿಯರು ಮುಂದೆ. ಲಾರಿ ಬಂದರೆ ಸೆರಗು ಬೀಸಿ ನಿಲ್ಲಿಸುವಳು. ಅವಳನ್ನು ಕಂಡರೆ ಬಂಡೆಯ ಗಂಡಸರು ಬೇರೆ ಕಡೆ ನೋಡುತ್ತಿದ್ದರು. ಮೊದಲ ವರ್ಷ ಮೂವರು ಬಂದರು. ಐದನೇ ವರ್ಷಕ್ಕೆ ಇಪ್ಪತ್ತೊಂದು ಹುಡುಗಿಯರಾದರು.

1963ರ ಮಾರ್ಚಿನಲ್ಲಿ ಶಿಕ್ಷಣ ಇಲಾಖೆಯ ಕಚೇರಿಯಿಂದ ಕಾಗದ ಬಂತು. ಹಿಂದಿನ ವರ್ಷ ಗಡಿಯಲ್ಲಿ ಯುದ್ಧವಾಗಿತ್ತು, ರಾಜ್ಯದ ಬೊಕ್ಕಸದಲ್ಲಿ ಕೊರತೆ ಬಿದ್ದಿತ್ತು. ಎಲ್ಲ ಇಲಾಖೆಗಳೂ ಖರ್ಚು ಇಳಿಸಬೇಕಿತ್ತು. ಏಪ್ರಿಲ್ ಒಂದರಿಂದ ಈ ಹುದ್ದೆಗೆ ಹಣವಿಲ್ಲ ಎಂದು ಬರೆದಿತ್ತು. ಮೇಷ್ಟ್ರು ಅದನ್ನು ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದರು. ಕೊನೆಯ ದಿನ ಹೇಳಲೇಬೇಕಾಯಿತು.

“ನಾನೇನಾದ್ರೂ ತೆಪ್ಪು ಮಾಡಿದ್ನಾ ಮೇಷ್ಟ್ರೇ?” ಎಂದಳು ಅಕ್ಕಯಮ್ಮ.

“ಇಲ್ಲಮ್ಮ. ದುಡ್ಡಿಲ್ಲ ಅಂತ ಬರೆದಿದಾರೆ. ಮೂರನೇ ಕ್ಲಾಸಿನ ಮೇಷ್ಟ್ರನ್ನೂ ತೆಗೆದಿದಾರೆ.”

“ಮಕ್ಳನ್ನ ಯಾರು ಕರ್ಕೊಂಡ್ ಬರ್ತಾರೆ?”

ಮೇಷ್ಟ್ರು ಕಾಗದ ಮಡಚಿ ಮತ್ತೆ ಜೇಬಿಗಿಟ್ಟುಕೊಂಡರು.

ಹೊಟ್ಟೆಪಾಡು ನಡೆಯಬೇಕಲ್ಲ. ಅಕ್ಕಯಮ್ಮ ಜಯನಗರದಲ್ಲಿ ಗಾರೆ ಹೊರುವ ಕೆಲಸಕ್ಕೆ ಸೇರಿದಳು. ಎಂಟು ಗಂಟೆಗೆ ಅಲ್ಲಿರಬೇಕು, ಬಿಡುವುದು ದೀಪ ಹಚ್ಚುವ ಹೊತ್ತಿಗೆ. ಜೂನ್‌ನಲ್ಲಿ ಸ್ಕೂಲು ತೆರೆದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಜುಲೈ ಕೊನೆಯಲ್ಲಿ ಮಳೆಯಿಂದ ಕೆಲಸ ನಿಂತಿದ್ದ ಒಂದು ಸೋಮವಾರ, ಏಳನೇ ಕ್ಲಾಸಿನಲ್ಲಿರಬೇಕಾದ ಲಕ್ಷ್ಮಿದೇವಮ್ಮ ಎಮ್ಮೆ ಹೊಡೆದುಕೊಂಡು ಹೋಗುವುದನ್ನು ಕಂಡಳು. ವಿಚಾರಿಸಿದರೆ, ಪಾಳ್ಯದಿಂದ ಈಗ ನಾಲ್ವರೇ ಹುಡುಗಿಯರು ಹೋಗುವುದಂತೆ. ಹತ್ತು ವರ್ಷದ ಅಂಜನಮ್ಮ ಒಬ್ಬಳೇ ಹೋದ ದಿನ ಬಂಡೆಯ ಹತ್ತಿರ ಯಾರೋ ಕೈ ಹಿಡಿದೆಳೆದು ನಕ್ಕರಂತೆ. ಮಗು ಪುಸ್ತಕ ಅಲ್ಲೇ ಬಿಸಾಕಿ ಓಡಿಬಂದಿತ್ತು. ಆ ನಾಲ್ವರ ಮನೆಯವರನ್ನು ಬಿಟ್ಟರೆ ಮಾರನೆಯ ದಿನದಿಂದ ಯಾರೂ ಕಳಿಸಲಿಲ್ಲ.

ಅಕ್ಕಯಮ್ಮ ಸೀದಾ ಲಕ್ಷ್ಮಿದೇವಮ್ಮನ ಅಪ್ಪ ತಿಮ್ಮರಾಯಪ್ಪನ ಮನೆಗೆ ಹೋದಳು.

“ಇದೊಂದು ವರ್ಷ ಓದುದ್ರೆ ಪರೀಕ್ಷೆ ಅಲ್ವಾ ತಿಮ್ಮರಾಯಣ್ಣ, ಕಳ್ಸು.”

“ನೀನು ಕರ್ಕೊಂಡ್ ಹೋಗ್ತೀನಿ ಅನ್ನು, ಈಗ್ಲೇ ಕಳಿಸ್ತೀನಿ,” ಎಂದ ಅವನು. “ಹೆಣ್ಣುಮಗೀನ ಆ ಏರಿ ಮೇಲೆ ಒಂದನ್ನೇ ಬಿಡು ಅಂತೀಯಾ? ನಿನ್ ಮಗ್ಳಾಗಿದ್ರೆ ಬಿಡ್ತಿದ್ಯಾ?”

ಆ ಮಾತು ಅವಳಿಗೆ ನಾಟಿತು. ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋದಳು. ಪಾಳ್ಯದ ತಾಯಂದಿರ ಹೆಬ್ಬೆಟ್ಟು ಒತ್ತಿಸಿದ ಅರ್ಜಿಯನ್ನು ಮೇಷ್ಟ್ರು ಬರೆದುಕೊಟ್ಟಿದ್ದರು. ಅಲ್ಲಿನ ಸ್ಕೂಲ್ ಇನ್ಸ್‌ಪೆಕ್ಟರ್ ವಿಮಲಾ ಒಳ್ಳೆಯ ಹೆಂಗಸು. ಕೂರಿಸಿ, ಅರ್ಜಿಯನ್ನು ಪೂರ್ತಿ ಓದಿದರು.

“ನೀವು ಹೇಳೋದೆಲ್ಲ ನಿಜ ಕಣಮ್ಮ. ಆದ್ರೆ ನನ್ ಕೈಲಿಲ್ಲ. ಪಾಠಕ್ಕೆ ಸಂಬಂಧ ಇಲ್ಲದ ಹುದ್ದೆಗಳನ್ನ ಮೊದಲು ತೆಗೀರಿ ಅಂತ ಆರ್ಡರ್ ಬಂದಿದೆ. ನಿಮ್ದು ಆ ಪಟ್ಟೀಲಿ ಸೇರ್ಕೊಂಡಿದೆ.”

“ಮಕ್ಳೇ ಬರ್ದೆ ಇದ್ರೆ ಯಾರಿಗವ್ವಾ ಪಾಠ ಹೇಳ್ತೀರಿ?”

ವಿಮಲಾ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಂಡರು. “ಬರೀತೀನಿ,” ಎಂದರು. ಹೇಳಿದಂತೆಯೇ ಮೇಲಿನವರಿಗೆ ಬರೆದರು. ಮೂರು ತಿಂಗಳ ಮೇಲೆ ‘ಹಣಕಾಸಿನ ಸ್ಥಿತಿ ಸುಧಾರಿಸಿದ ನಂತರ ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು.

ಅಷ್ಟರಲ್ಲಿ ಅಕ್ಕಯಮ್ಮ ತನ್ನದೇ ದಾರಿ ಹುಡುಕಿಕೊಂಡಿದ್ದಳು. ಆರೂವರೆಗೇ ಹುಡುಗಿಯರನ್ನು ಎಬ್ಬಿಸಿ, ಏಳಕ್ಕೆ ಏರಿ ದಾಟಿಸಿ, ಸ್ಕೂಲಿನ ಜಗಲಿಯಲ್ಲಿ ಬಿಟ್ಟು ಜಯನಗರಕ್ಕೆ ಓಡುತ್ತಿದ್ದಳು. ಮೇಷ್ಟ್ರು ಏಳಕ್ಕೇ ಬಂದು ಬಾಗಿಲು ತೆಗೆಯತೊಡಗಿದರು. ಸಂಜೆ ಅವರೇ ಸೈಕಲ್ ತಳ್ಳಿಕೊಂಡು ಪಾಳ್ಯದ ತನಕ ನಡೆದುಬರುತ್ತಿದ್ದರು. ಮೊದಮೊದಲು ಕೆಲವರು ಆಡಿಕೊಂಡರು, ಆಮೇಲೆ ಸುಮ್ಮನಾದರು. ಲಕ್ಷ್ಮಿದೇವಮ್ಮ ಬಂದಳು. ದಸರೆಯ ಹೊತ್ತಿಗೆ ಹನ್ನೊಂದು ಹುಡುಗಿಯರಾದರು.

ಅಂಜನಮ್ಮ ಬರಲಿಲ್ಲ. ಅಕ್ಕಯಮ್ಮ ಎಷ್ಟು ಸಲ ಹೋಗಿ ಕರೆದರೂ ಮಗು ಬಾಗಿಲ ಹಿಂದೆ ನಿಂತು ಅಳುತ್ತಿತ್ತು. “ಬಲವಂತ ಮಾಡ್ಬೇಡ, ರಾತ್ರಿ ಬೆಚ್ಚಿಬೀಳ್ತದೆ,” ಎಂದಳು ತಾಯಿ.

ಹೀಗೆ ಎರಡು ವರ್ಷ ನಡೆಯಿತು. ಲಕ್ಷ್ಮಿದೇವಮ್ಮ ಏಳನೇ ಕ್ಲಾಸು ಪಾಸಾದಳು, ಅವಳ ಹಿಂದೆಯೇ ಇನ್ನಿಬ್ಬರು. ಆಮೇಲೆ ಮೇಷ್ಟ್ರಿಗೆ ವರ್ಗವಾಯಿತು. ಹೊಸಬರು ಹತ್ತು ಗಂಟೆಗೆ ಬರುವವರು. ಅವರ ತಪ್ಪೂ ಅಲ್ಲ, ಅವರ ಮನೆ ದೂರ. ಮುಚ್ಚಿದ ಬಾಗಿಲ ಮುಂದೆ ಮಕ್ಕಳನ್ನು ಮೂರು ಗಂಟೆ ಬಿಟ್ಟುಹೋಗಲು ಅಕ್ಕಯಮ್ಮನಿಗೆ ಧೈರ್ಯ ಬರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಮನೆಯಲ್ಲೇ ಉಳಿದರು.

1966ರ ಬೇಸಿಗೆಯಲ್ಲಿ ಜಯನಗರದ ಒಂದು ಕಟ್ಟಡದಲ್ಲಿ ಅಂಜನಮ್ಮ ಅವಳ ಜೊತೆಗೇ ಕೆಲಸಕ್ಕೆ ಬಂದಳು. ಹದಿಮೂರು ವರ್ಷ, ಆಗಲೇ ಮದುವೆ ಗೊತ್ತಾಗಿತ್ತು. ಇಬ್ಬರೂ ಮರಳು ಜರಡಿ ಹಿಡಿಯುತ್ತಿದ್ದಾಗ ಹುಡುಗಿ ಮೆಲ್ಲಗೆ ಕೇಳಿದಳು:

“ಅವತ್ತು ನೀನ್ಯಾಕೆ ಬರ್ಲಿಲ್ಲ ಸ್ಕೂಲಮ್ಮ? ನಾನು ಏರಿ ಮೇಲೆ ನಿಂತ್ಕಂಡು ಬೋ ಹೊತ್ತು ನೋಡ್ದೆ.”

ಬೊಕ್ಕಸ, ಆರ್ಡರು, ಪಟ್ಟಿ ಎಲ್ಲ ಅಕ್ಕಯಮ್ಮನಿಗೆ ನೆನಪಿಗೆ ಬಂತು. ಜರಡಿ ಕೆಳಗಿಟ್ಟಳು. “ತೆಪ್ಪಾಯ್ತು ಕಣವ್ವ,” ಎಂದು ಹುಡುಗಿಯ ತಲೆ ಮೇಲಿನ ಮರಳನ್ನು ಕೊಡವಿದಳು. ಮೇಸ್ತ್ರಿ ಅತ್ತಲಿಂದ ಕೂಗಿದ. ಇಬ್ಬರೂ ಮತ್ತೆ ಕೆಲಸ ಹಿಡಿದರು.

ಮರುವರ್ಷ ಸ್ಕೂಲಮ್ಮನ ಹುದ್ದೆ ಮರಳಿ ಮಂಜೂರಾಯಿತು. ಆದರೆ ನಾಲ್ಕನೇ ಕ್ಲಾಸು ಓದಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು ಎಂಬ ನಿಯಮವಿತ್ತು. ವಾರಿಜಾ ಎಂಬ ಹುಡುಗಿಗೆ ಕೆಲಸ ಸಿಕ್ಕಿತು. ಅವಳು ಬಂದ ದಿನ ಅಕ್ಕಯಮ್ಮ ತಾನಾಗಿಯೇ ಹೋಗಿ ಪಾಳ್ಯ ಸುತ್ತಿಸಿದಳು: ಈ ಮನೆಯ ಮುಂದೆ ಕೂಗಿದರೆ ಸಾಕು, ಆ ಮನೆಯಲ್ಲಿ ಒಳಗೆ ಹೋಗಿ ಎಬ್ಬಿಸಬೇಕು, ಈ ಅಜ್ಜಿ ಮೊದಲು ಬೈಯ್ತಾಳೆ, ಆಮೇಲೆ ಕಳಿಸ್ತಾಳೆ.

“ನೀವೂ ಜೊತೆಗೆ ಬನ್ನಿ ಅಕ್ಕ,” ಎಂದಳು ವಾರಿಜಾ.

“ನಂಗೆ ಕೆಲ್ಸಕ್ಕೆ ಹೊತ್ತಾಯ್ತು ತಾಯಿ. ಏರಿ ಮೇಲೆ ನೀನು ಹಿಂದ್ಗಡೆ ಇರು, ಮಕ್ಳು ಮುಂದಿರ್ಲಿ,” ಎಂದು ಹೇಳಿ ಅಕ್ಕಯಮ್ಮ ಜಯನಗರದ ದಾರಿ ಹಿಡಿದಳು.