ಡಾಕ್ಟರು ಹೇಳಿದ್ದು, ನಾನು ಹೇಳಿದ್ದು

ಶೈಮಾ, ಡಾಕ್ಟರು ನಿನಗೆ ಓಡಬೇಡ ಎಂದಿದ್ದರು. ನಾನು ಅದನ್ನು ನಿನಗೆ ಹೇಳಲಿಲ್ಲ. ಮರೆತು ಅಲ್ಲ, ಅರ್ಥವಾಗದೆ ಅಲ್ಲ — ಎಲ್ಲ ಅರ್ಥವಾಗಿ, ನಿನ್ನ ಮುಖ ನೋಡುತ್ತಲೇ ಬೇರೆ ಮಾತು ಹೇಳಿದೆ.

ಇಷ್ಟು ಬರೆಯಲು ನನಗೆ ವರ್ಷಗಳೇ ಬೇಕಾದವು. ಬರೆದ ಮೇಲೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಸುಳ್ಳು. ನನಗೆ ಸಿಟ್ಟು ಬರುತ್ತಿದೆ — ನನ್ನ ಮೇಲೆ, ಆ ಹಾಳು ನಾಲ್ಕರ ಲೆಕ್ಕದ ಮೇಲೆ, ಮತ್ತೆ ತಿರುಗಿ ನನ್ನ ಮೇಲೆಯೇ.

ಆಗ ನಾನು ಒಮಾನಿನ ಅಲ್ ಖೌದ್‌ನಲ್ಲಿ ಒಂದು ಖಾಸಗಿ ಕ್ಲಬ್ಬಿನ ಆಫೀಸಿನಲ್ಲಿದ್ದೆ. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ಬಂದೂಕು ಹಿಡಿದಿದ್ದೆ ಎಂದು ಯಾವತ್ತೋ ಬಾಯಿ ತಪ್ಪಿ ಹೇಳಿದ್ದೇ ತಡ, ಬಾಸ್ ನನ್ನನ್ನು ಹೆಂಗಸರ ಬಯಾತ್ಲಾನ್ ತಂಡದ ಮ್ಯಾನೇಜರ್ ಮಾಡಿದರು. ಗುರಿ ಕಲಿಸುವವಳೂ ನಾನೇ, ಪ್ರಯಾಣದಲ್ಲಿ ಹುಡುಗಿಯರ ಜೊತೆಗಿರಬೇಕಾದ ಹಿರಿಯ ಹೆಂಗಸೂ ನಾನೇ. ಕಾಪುವಿನ ನಮ್ಮ ಪೈಕಿಯವರು ಇಲ್ಲಿ ಸೇರಿದಾಗೆಲ್ಲ ತಮಾಷೆ ಮಾಡುತ್ತಿದ್ದರು. "ಸ್ಕೀ ಕಟ್ಟಿ ಹಿಮದ ಮೇಲೆ ಜಾರ್‍ತಾ ಹೋಗಿ, ನಡುವೆ ನಿಂತು ಗುಂಡು ಹೊಡೆಯುವುದಲ್ವಾ ಅದು? ಒಮಾನಿನಲ್ಲಿ ಹಿಮ ಎಲ್ಲುಂಟು ಮಾರಾಯ್ತಿ, ಫ್ರಿಡ್ಜಿನಲ್ಲಾ?"

ನಗುವವರು ನಗಲಿ. ನಮಗೆ ಹಿಮ ಇರಲಿಲ್ಲ, ಡಾಂಬರು ಇತ್ತು. ಮನೆಗಳು ಇನ್ನೂ ಎದ್ದಿರದ ಹೊಸ ಬಡಾವಣೆಯ ರಸ್ತೆಯಲ್ಲಿ ಬಿಸಿಲೇರುವ ಮೊದಲು ಚಕ್ರದ ಸ್ಕೀ ಕಟ್ಟಿಕೊಂಡು ನೀವು ಜಾರುತ್ತಿದ್ದಿರಿ. ಬೆಳಕಿನ ಕಿರಣ ಬಿಡುವ ಬಂದೂಕಿನಿಂದ ಗುರಿ ಹೊಡೆಯುತ್ತಿದ್ದಿರಿ. ಸ್ಕೀಗಳು ಗಂಡಸರ ತಂಡ ಬಳಸಿ ಬಿಟ್ಟವು; ನಿನ್ನವಂತೂ ಒಂದು ಬದಿಗೆ ಎಳೆಯುತ್ತಿದ್ದವು. ಗಂಡಸರಿಗೆ ಹೊಸತು ಬಂದರೆ ನಮಗೆ ಹಳತು ಬರುತ್ತಿತ್ತು, ಅವರಿಗೆ ಬರದಿದ್ದರೆ ನಮಗೆ ಅದೂ ಇಲ್ಲ. ಕೇಳಿ ಕೇಳಿ ನನ್ನ ನಾಲಗೆ ಸವೆದಿತ್ತು.

ರಿಲೇಗೆ ನಾಲ್ವರು ಬೇಕು. ಒಬ್ಬಳು ಮುಗಿಸಿ ಮುಟ್ಟಿದ ಮೇಲೆ ಇನ್ನೊಬ್ಬಳು ಹೊರಡಬೇಕು. ದೊಡ್ಡ ದೇಶಗಳಲ್ಲಿ ಒಬ್ಬಳ ಕಾಲು ಉಳುಕಿದರೆ ಬೆಂಚಿನ ಮೇಲೆ ಮತ್ತೊಬ್ಬಳು ಕಾಯುತ್ತಿರುತ್ತಾಳೆ. ನಮ್ಮಂಥ ಸಣ್ಣ ದೇಶದ ಹೆಂಗಸರ ತಂಡದಲ್ಲಿ ಬೆಂಚೇ ಇರುವುದಿಲ್ಲ. ಒಬ್ಬಳಿಗೆ ಮದುವೆ ನಿಶ್ಚಯವಾದರೆ ತಂಡ ಹೋಯಿತು. ಒಬ್ಬಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ ಹೋಯಿತು. ಹಿಂದಿನ ವರ್ಷ ಹಾಗೆಯೇ ಆಗಿ, ಮೂವರು ಹುಡುಗಿಯರು ಸುಮ್ಮನೆ ಬೆವರು ಸುರಿಸಿ ಮನೆಗೆ ಹೋಗಿದ್ದರು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನೀನು ಸಿಕ್ಕಿದೆ — ರುಸ್ತಾಕ್‌ನಿಂದ ಬಂದವಳು, ಮಾತು ಕಡಿಮೆ, ಏದುಸಿರಿನಲ್ಲೂ ಕೈ ನಡುಗದವಳು. ನಿನ್ನ ಮನೆಗೆ ಬಂದು ನಿನ್ನ ತಾಯಿಯನ್ನು ಒಪ್ಪಿಸಿದವಳೂ ನಾನೇ. "ನನ್ನ ಮಗಳ ಹಾಗೆ ನೋಡಿಕೊಳ್ಳುತ್ತೇನೆ" ಎಂದಿದ್ದೆ.

ಬಾಸ್ ಆ ವರ್ಷ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ನಮ್ಮೊಡನೆ ಅವರ ಮಾತು ಹಿಂದಿಯಲ್ಲೇ. "ಇಸ್ ಬಾರ್ ಚಾರೋಂ ಲಡ್ಕಿ ಫಿನಿಶ್ ನಹೀಂ ಕಿಯಾ ತೋ ಟೀಮ್ ಖಲಾಸ್." ಯುರೋಪಿನ ಒಂದು ಊರಿನಲ್ಲಿ ಚಕ್ರದ ಸ್ಕೀಯದೇ ಬೇಸಿಗೆಯ ರಿಲೇ ಇತ್ತು. ಗೆಲ್ಲುವುದು ಬೇಡ, ಕೊನೆಯವರಾಗಿ ಬಂದರೂ ಸಾಕು, ನಾಲ್ವರೂ ಗೆರೆ ದಾಟಬೇಕು; ಇಲ್ಲವಾದರೆ ತಂಡವನ್ನೇ ಮುಚ್ಚುತ್ತಾರೆ. "ಅದಕ್ಕೇನು, ದಾಟುತ್ತಾರೆ" ಎಂದು ನಾನು ಜಂಬದಿಂದ ಹೇಳಿ ಬಂದಿದ್ದೆ.

ಹೊರಡಲು ಕೆಲವೇ ದಿನ ಇದ್ದಾಗ ನಿನ್ನ ಮೊಣಕಾಲು ಊದಿಕೊಂಡಿತು. ನನಗೆ ಗುರುತಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಗಲಕೋಟೆ ಕಡೆಯವರು, ಒಳ್ಳೆಯ ಹೆಂಗಸು. ನಿನ್ನ ಕಾಲನ್ನು ಮಡಚಿದರು, ತಿರುಗಿಸಿದರು. ನೋವಾದಾಗ ನೀನು ನನ್ನ ಕೈ ಹಿಡಿದುಕೊಂಡೆ. ನಮ್ಮಲ್ಲಿ ಒಂದು ರೂಢಿ ಇದೆ, ಶೈಮಾ — ಕಾಯಿಲೆಯ ವಿಷಯವನ್ನು ಡಾಕ್ಟರು ಕಾಯಿಲೆಯವರಿಗೆ ಹೇಳುವುದಿಲ್ಲ, ಜೊತೆಗೆ ಬಂದ ಹಿರಿಯರಿಗೆ ಹೇಳುತ್ತಾರೆ. ರೋಗಿ ಹೆದರಬಾರದಲ್ಲ. ಅವರು ನಿನ್ನ ಕಡೆ ನೋಡಿ ನಕ್ಕು, "ಡೋಂಟ್ ವರಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡ ಶುರು ಮಾಡಿದರು.

"ಒಳಗ ಎಲುಬಿನ ನಡುವಿನ ಮೆತ್ತನ್ನ ಗಾದಿ ಹರದಂಗ ಐತ್ರಿ. ಸ್ಕ್ಯಾನ್ ಮಾಡಸ್ರಿ, ಅಲ್ಲೀತನಕ ಓಡೂದು ಜಿಗಿಯೂದು ಏನೂ ಬ್ಯಾಡ. ಈಗ ಓಡಿಸಿದ್ರ ಕಾಲು ಪೂರ್ತಿ ಹೋಗ್ತೈತಿ. ಸಣ್ಣ ಹುಡುಗಿ, ಅಂಜತಾಳ. ನೀವು ದೊಡ್ಡೋರಿದ್ದೀರಿ, ಸಮಾಧಾನದಾಗ ತಿಳಿಸಿ ಹೇಳ್ರಿ."

"ಆಯ್ತು ಡಾಕ್ಟ್ರೇ, ನಾನು ಹೇಳ್ತೇನೆ" ಎಂದೆ.

ಕಾರಿನಲ್ಲಿ ಕುಳಿತ ಮೇಲೆ ನೀನು ಕೇಳಿದೆ. "ವಾಟ್ ಶಿ ಸೇ, ಮಿಸ್?"

ಆ ಕ್ಷಣ — ಯೋಚಿಸಲು ಸಮಯವಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇತ್ತು. ಬೆಲ್ಟು ಹಾಕಿಕೊಂಡೆ, ಕನ್ನಡಿ ಸರಿ ಮಾಡಿದೆ, ಗಾಡಿ ಹೊರಗೆ ತೆಗೆದೆ. ಅಷ್ಟು ಹೊತ್ತೂ ನನ್ನ ತಲೆಯಲ್ಲಿದ್ದುದು ನಿನ್ನ ಕಾಲಲ್ಲ. ಬಾಸ್ ಎದುರು ತಲೆ ತಗ್ಗಿಸಿ ನಿಲ್ಲಬೇಕಲ್ಲ ಎನ್ನುವುದು. ಮದುವೆಯಾದಾಗ ಬಂದೂಕು ಬಿಟ್ಟಿದ್ದ ನಾನು ಯುರೋಪಿನ ಆ ಮೈದಾನದಲ್ಲಿ ತಂಡದ ಜಾಕೆಟ್ ಹಾಕಿಕೊಂಡು ನಿಲ್ಲುತ್ತೇನಲ್ಲ ಎನ್ನುವ ಆಸೆ. ಉಳಿದ ಮೂವರಿಗಾಗಿ ಹಾಗೆ ಮಾಡಿದೆ ಎಂಬ ನೆಪವನ್ನು ಆಮೇಲೆ ಕಟ್ಟಿಕೊಂಡೆ. ಆಗ ಅವರೂ ನೆನಪಿರಲಿಲ್ಲ.

"ಮಾಫಿ ಮುಶ್ಕಿಲ್, ನೋ ಪ್ರಾಬ್ಲಮ್. ಜಸ್ಟ್ ಸ್ವೆಲ್ಲಿಂಗ್" ಎಂದೆ. ಪಟ್ಟಿ ಕಟ್ಟಿಕೊಂಡು ಓಡಬಹುದಂತೆ ಎಂದೂ ಸೇರಿಸಿದೆ. ನೀನು ಉಸಿರು ಬಿಟ್ಟು ನಕ್ಕೆ. ನಿನಗೆ ಸಮಾಧಾನವಾಯಿತಲ್ಲ ಎಂದು ನನಗೂ ಸಮಾಧಾನವಾಯಿತು — ಎಂಥ ಹೆಂಗಸು ನಾನು.

ರಿಲೇಯಲ್ಲಿ ನಿನ್ನದು ಮೂರನೆಯ ಸರದಿ. ಮಲಗಿ ಹೊಡೆದ ಐದೂ ಗುರಿಗೆ ಬಿದ್ದವು. ನಿಂತು ಹೊಡೆದ ಐದೂ ಬಿದ್ದವು. ನಾನು ಬೇಲಿಯಾಚೆ ಕುಣಿಯುತ್ತಿದ್ದೆ. ಆಮೇಲೆ ಇಳಿಜಾರಿನ ತಿರುವಿನಲ್ಲಿ ನಿನ್ನ ಕಾಲು ಮಡಚಿಕೊಂಡಿತು. ನೀನು ಒಮ್ಮೆ ಎದ್ದೆ. ಮತ್ತೆ ಬಿದ್ದೆ. ಅತ್ತ ನಾಲ್ಕನೆಯವಳು ನಿನ್ನ ದಾರಿ ನೋಡುತ್ತ, ಸ್ಕೀ ಕಟ್ಟಿಕೊಂಡು ನಿಂತೇ ಇದ್ದಳು. ಬೇರೆ ತಂಡಗಳೆಲ್ಲ ಮುಗಿಸಿದ ಮೇಲೂ ನಿಂತಿದ್ದಳು. ಕೊನೆಗೆ ಯಾರೋ ಬಂದು ಅವಳ ಭುಜ ಮುಟ್ಟಿ ಹೊರಗೆ ಕರೆದುಕೊಂಡು ಹೋದರು.

ತಂಡ ಖಲಾಸ್ ಆಯಿತು. ನಿನಗೆ ಮಸ್ಕತ್‌ನಲ್ಲಿ ಆಪರೇಷನ್ ಆಯಿತು. ಬಾಗಲಕೋಟೆಯ ಆ ಡಾಕ್ಟರು ಒಮ್ಮೆ ತರಕಾರಿ ಅಂಗಡಿಯಲ್ಲಿ ಸಿಕ್ಕಿ, "ನೀವು ಆಕಿಗೆ ಹೇಳಿದ್ರಿ ಅಲ್ರಿ?" ಎಂದು ಕೇಳಿದರು. "ಹೇಳಿದ್ದೆ. ಅವಳು ಕೇಳಬೇಕಲ್ಲ" ಎಂದೆ. ಒಂದು ಸುಳ್ಳನ್ನು ಕಾಯಲು ನಿನ್ನನ್ನೇ ಹಠಮಾರಿ ಮಾಡಿದೆ. ಅವರು ಪಾಪ, "ಈಗಿನ ಹುಡುಗ್ರು ಹಂಗ ಬಿಡ್ರಿ" ಎಂದು ಟೊಮೆಟೊ ಆರಿಸತೊಡಗಿದರು.

ಇದೂ ಸಾಲದು ಎಂಬಂತೆ ನಾನು ನಿನ್ನನ್ನು ನೋಡಲು ಹಣ್ಣು ಹಿಡಿದುಕೊಂಡು ರುಸ್ತಾಕ್‌ಗೆ ಬಂದೆ. ನಿನ್ನ ತಾಯಿ ಖಾವಾ, ಖರ್ಜೂರ ತಂದಿಟ್ಟರು. ನೀನು ಕಾಲು ಚಾಚಿ ಕುಳಿತಿದ್ದೆ. "ಸಾರಿ ಮಿಸ್. ಟೀಮ್ ಫಿನಿಶ್, ಬಿಕಾಸ್ ಆಫ್ ಮಿ" ಎಂದೆ. ಹೆಚ್ಚು ವ್ಯಾಯಾಮ ಮಾಡಬೇಕಿತ್ತು, ತಿರುವಿನಲ್ಲಿ ಅವಸರ ಮಾಡಿದೆ, ಮೂವರ ಎರಡು ವರ್ಷದ ಕಷ್ಟ ಹಾಳಾಯಿತು — ಎಲ್ಲ ನಿನ್ನದೇ ತಪ್ಪೆಂದು ಹೇಳುತ್ತ ನೀನು ಅತ್ತೆ. ನಾನು ನಿನ್ನ ತಲೆ ಸವರಿ "ಪರವಾಗಿಲ್ಲ, ಬಿಡು" ಎಂದೆ. ಕೇಳು ಶೈಮಾ, ನಾನು ನಿನ್ನನ್ನು ಕ್ಷಮಿಸಿದೆ. ನಿನ್ನ ಮನೆಯಲ್ಲಿ ಕುಳಿತು, ನಿನ್ನ ತಾಯಿ ಕೊಟ್ಟ ಖಾವಾ ಕುಡಿಯುತ್ತ, ನಿನ್ನನ್ನು ಕ್ಷಮಿಸಿ ಬಂದೆ.

ಈಗ ನೀನು ಶಾಲೆಯಲ್ಲಿ ಪಾಠ ಮಾಡುತ್ತೀಯಂತೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀಯಂತೆ. ಹಬ್ಬಕ್ಕೆ ಮೆಸೇಜ್ ಕಳಿಸಿದಾಗ ಈಗಲೂ ಕೊನೆಗೆ "ಸಾರಿ ಫಾರ್ ದ ಟೀಮ್" ಎಂದು ಸೇರಿಸುತ್ತೀ. ನಾಲ್ಕರ ಲೆಕ್ಕ ಮಾಡಿದವರನ್ನು, ಹಳೆಯ ಸ್ಕೀ ಕೊಟ್ಟವರನ್ನು ಜೀವನಪರ್ಯಂತ ಬೈಯಬಲ್ಲೆ. ಅವರು ಬೈಸಿಕೊಳ್ಳಬೇಕಾದವರೇ. ಆದರೆ ಕಾರಿನಲ್ಲಿ ನಿನ್ನ ಪಕ್ಕ ಅವರು ಕುಳಿತಿರಲಿಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಬರೆದೆ. ಓದಿ ನೋಡಿದಾಗ ನಾಚಿಕೆಯಾಯಿತು — ಅವತ್ತು ಆ ಕೋಣೆಯಲ್ಲಿ ನಿನ್ನ ಎದುರೇ, ನಿನಗೆ ತಿಳಿಯದಂತೆ ನಿನ್ನ ಕಾಲಿನ ಮಾತು ನಡೆದದ್ದು ಇದೇ ಭಾಷೆಯಲ್ಲಿ. ನೀನು ಓದಲಾರದ ಕಡೆ ತಪ್ಪೊಪ್ಪಿಕೊಂಡರೆ ಅದು ಇನ್ನೊಂದು ಮುಚ್ಚಿಡುವಿಕೆ ಅಷ್ಟೆ.

ಶುಕ್ರವಾರ ರುಸ್ತಾಕ್‌ಗೆ ಬರುತ್ತೇನೆ. ನಿನಗೆ ತಿಳಿಯುವ ಮಾತಿನಲ್ಲಿ, ನಿನ್ನ ತಾಯಿಯ ಎದುರಿಗೇ ಹೇಳುತ್ತೇನೆ: ಡಾಕ್ಟರು ಬೇಡ ಎಂದಿದ್ದರು, ನಾನು ಮುಚ್ಚಿಟ್ಟೆ, ನಿನ್ನದು ಏನೂ ತಪ್ಪಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಇಷ್ಟು ವರ್ಷ ನನಗೆ ಹೇಳುತ್ತ ಬಂದ ‘ಸಾರಿ’ಯನ್ನೆಲ್ಲ ನಿನಗೆ ಹಿಂದಕ್ಕೆ ಕೊಟ್ಟು ಬರುತ್ತೇನೆ.