ಒಂದೇ ಹೆಸರಿನ ಮೂರು ಕುಣಿ

ಮಲಯಾಳ ಸೀಮೆಯ ಕಲ್ಲೂರಿನ ಕುಂಞಿಗೆ ಸಾಯುವ ಅವಸರ ಹತ್ತಿತ್ತು. ಎಂಬತ್ತು ದಾಟಿದ ಜೀವ, ತಿಂಗಳಿಂದ ಎದೆನೋವು. ಆದರೂ ಆಸ್ಪತ್ರೆ ಅಂದರೆ ಸಾಕು, ಗೋಡೆ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಕಾರಣ ಇಷ್ಟೇ. ಅವಳ ಜನರನ್ನೆಲ್ಲ ಮಣ್ಣು ಮಾಡಿದ ಜಾಗ ಕಾಫಿ ತೋಟದ ಒಳಗಿತ್ತು. ತೋಟ ಕೊಂಡ ಹೊಸ ಯಜಮಾನ ಸದ್ಯದಲ್ಲೇ ಅದಕ್ಕೆ ಬೇಲಿ ಹಾಕುವವನಿದ್ದ. “ಬೇಲಿ ಬೀಳೋ ಮುಂಚೆ ನನ್ನ ಅಲ್ಲಿ ಮಲಗಿಸಿಬಿಡು ಮಗಾ” ಎಂದು ಮಗಳು ಸುನಿತಳ ಕೈ ಹಿಡಿದು ಬೇಡುತ್ತಿದ್ದಳು. ಇಂಥ ಮಾತು ಕೇಳಿದರೆ ಯಾವ ಮಗಳ ಕರುಳು ಚುರುಕ್ ಅನ್ನುವುದಿಲ್ಲ ಹೇಳಿ!

ಸುನಿತ ಕೂಲಿ ಹೆಂಗಸು. ಮೆಣಸು ಕೊಯ್ದು ಕೊಯ್ದು ಕೈ ಒರಟಾಗಿದೆ. ನಾಲಿಗೆಯೂ ಅಂಥ ಮೆತ್ತಗಿನದೇನಲ್ಲ. ಒಂದು ದಿನದ ಕೆಲಸ ಬಿಟ್ಟು ಪಂಚಾಯತ್ ಕಚೇರಿಗೆ ಹೋದಳು. ಒಂದೇ ಮನೆಯ ಮೂರು ತಲೆಮಾರು ಅಲ್ಲಿ ಮಲಗಿದ್ದಾರೆಂದು ದಾಖಲೆ ಸಿಕ್ಕರೆ ಜಾಗವನ್ನೂ ದಾರಿಯನ್ನೂ ಉಳಿಸಿಕೊಡಬಹುದು ಎಂದರು ಅಲ್ಲಿನವರು. ಪುಣ್ಯಕ್ಕೆ ತೋಟದ ಹಳೆಯ ಮರಣ ಪುಸ್ತಕ ಅಲ್ಲೇ ಕಪಾಟಿನಲ್ಲಿತ್ತು. ಗುಮಾಸ್ತ ಕರುಣಾಕರನ್ ಧೂಳು ಕೊಡವಿ ಮಧ್ಯಾಹ್ನದವರೆಗೆ ಹಾಳೆ ಮಗುಚಿದ. ಸಿಕ್ಕಿದ್ದು ಮೂರು ಸಾಲು. ೧೯೫೮, ಗುಂಡ. ೧೯೮೧, ಗುಂಡ. ೨೦೧೨, ಗುಂಡ.

ಕರುಣಾಕರನ್‌ಗೆ ನಗು ತಡೆಯಲಾಗಲಿಲ್ಲ. ಒಬ್ಬನನ್ನೇ ಮೂರು ಸಲ ಸಾಯಿಸಿ ಬರೆದಿದ್ದಾರೆ, ಇದನ್ನು ಮೇಲಿನವರು ಒಪ್ಪುವುದಿಲ್ಲ ಎಂದು ಪುಸ್ತಕ ಮುಚ್ಚಲು ಹೋದ. ಸುನಿತಳಿಗೆ ಮೈಯೆಲ್ಲ ಉರಿಯಿತು. ಪುಸ್ತಕದ ಮೇಲೆ ಅಂಗೈ ಒತ್ತಿ ಹಿಡಿದಳು. ಅವರ ಮನೆಯಲ್ಲಿ ಸೋದರಮಾವನ ಹೆಸರನ್ನು ಸೋದರಳಿಯನಿಗೆ ಇಡುತ್ತಾರೆ. ಮಾವ ಸತ್ತರೆ ಕುಣಿ ತೋಡುವವನೂ ಆ ಅಳಿಯನೇ. ತೋಡಿದವನಿಗೆ ಆ ದಿನ ತೋಟದಲ್ಲಿ ರಜೆ. ಹಾಗಾಗಿ ಪುಸ್ತಕದ ಪ್ರತಿ ಸಾಲಿನ ಕೊನೆಯಲ್ಲಿ ಅವನ ಹೆಸರೂ ಇರುತ್ತಿತ್ತು. ಸುನಿತ ಅಲ್ಲಿಗೇ ಬೆರಳಿಟ್ಟಳು. ೧೯೫೮ರಲ್ಲಿ ಕುಣಿ ತೋಡಿದವನು ಅಳಿಯ ಗುಂಡ. ೧೯೮೧ರಲ್ಲೂ ಅಳಿಯ ಗುಂಡ.

“ಗುಂಡ ಒಬ್ಬನೇ ಆದ್ರೆ ಅವನ ಕುಣಿ ತೋಡಿದ್ದು ಯಾರು ಸಾರೇ? ಸತ್ತವನೇ ಎದ್ದು ಬಂದನಾ?”

ಕರುಣಾಕರನ್ ಕನ್ನಡಕ ಸರಿ ಮಾಡಿಕೊಂಡು ಮತ್ತೆ ಓದಿದ. ಮೊದಲನೆಯವನು ಕುಂಞಿಯ ಸೋದರಮಾವ, ಎರಡನೆಯವನು ಕುಂಞಿಯ ಅಣ್ಣ, ಮೂರನೆಯವನು ತನ್ನ ಸ್ವಂತ ಅಣ್ಣ ಎಂದು ಸುನಿತ ವಿವರಿಸಿದಳು. ಆ ಅಣ್ಣನ ಕುಣಿ ತೋಡಿದವನ ಹೆಸರು ಮಾತ್ರ ಅಖಿಲ್ ಎಂದಿತ್ತು. ಅವನು ಸುನಿತಳ ಮಗ. ಹೊಸ ಹೆಸರಿನ ಆಸೆಗೆ ಪದ್ಧತಿ ಮುರಿದಳೆಂದು ಅಂದು ಕುಂಞಿ ವರ್ಷಗಟ್ಟಲೆ ಗೊಣಗಿದ್ದಳು. ಸುನಿತಳಿಗೂ ಅದು ತಪ್ಪೆಂದೇ ಅನ್ನಿಸುತ್ತಿತ್ತು. ಈಗ ನೋಡಿ, ಬದುಕಿರುವ ಸಾಕ್ಷಿ ಎಂದು ಗುಮಾಸ್ತನಿಗೆ ಬೇಕಾದದ್ದು ಆ ಹೆಸರೇ. ಅವನೂ ಗುಂಡನೇ ಆಗಿದ್ದರೆ ಸತ್ತವನೇ ಸಹಿ ಹಾಕಿದಂತಾಗುತ್ತಿತ್ತು. ಮೀನಂಗಡಿ ಎಂಬ ಊರಿನಲ್ಲಿ ಆಟೋ ಓಡಿಸುತ್ತಿದ್ದ ಅಖಿಲ್ ಮೂರು ಗಂಟೆಗೆಲ್ಲ ಬಂದು ಸಹಿ ಹಾಕಿದ.

ಮೂರು ವಾರಕ್ಕೆ ಆದೇಶ ಬಂತು: ಜಾಗಕ್ಕೆ ಬೇಲಿ ಇಲ್ಲ, ದಾರಿ ಮುಚ್ಚುವಂತಿಲ್ಲ. ಮಲಯಾಳ ಭಾಷೆಯಲ್ಲಿದ್ದ ಕಾಗದವನ್ನು ಸುನಿತ ಮನೆಮಾತಿನಲ್ಲಿ ಹೇಳಿದಳು. ಕುಂಞಿ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಎದ್ದು ಕೂತಳು.

“ಜಾಗ ಎಲ್ಲೂ ಓಡಿ ಹೋಗಲ್ಲ ಅಲ್ವಾ? ಹಾಗಾದ್ರೆ ನಾಳೆ ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು ಮಗಾ.”